ಟ್ರ್ಯಾಕ್ಟರ್ ಸಾಲ: ಶೋರೂಂನ ಕಡಿಮೆ ಬಡ್ಡಿ, ಬ್ಯಾಂಕು, ಸಹಕಾರ ಸಂಘ – ಯಾವುದು ಯಾರಿಗೆ?

ದಸರಾ ಹತ್ತಿರವಾದಂತೆ ಗಂಗಾವತಿಯಿಂದ ಕಾರಟಗಿ, ಸಿಂಧನೂರು ದಾಟಿ ಮಾನ್ವಿಯವರೆಗಿನ ರಸ್ತೆಯ ಬದಿಯಲ್ಲಿ ಟ್ರ್ಯಾಕ್ಟರ್ ಶೋರೂಂಗಳ ಬ್ಯಾನರುಗಳು ಏಳುತ್ತವೆ. ಅವುಗಳಲ್ಲಿ ಟ್ರ್ಯಾಕ್ಟರಿನ ಬೆಲೆ ಸಣ್ಣ ಅಕ್ಷರದಲ್ಲಿರುತ್ತದೆ, ಅಥವಾ ಇರುವುದೇ ಇಲ್ಲ. ಬಡ್ಡಿಯ ದರ ಮಾತ್ರ ದೂರದಿಂದಲೇ ಕಾಣುವಷ್ಟು ದೊಡ್ಡದಾಗಿರುತ್ತದೆ. ಆ ದರವನ್ನು ನೋಡಿ ಶೋರೂಮಿನೊಳಗೆ ಕಾಲಿಟ್ಟವರಲ್ಲಿ ನಾನೂ ಒಬ್ಬ. ಐದು ವರ್ಷ ಕಂತು ಕಟ್ಟಿ ಮುಗಿಸಿದ ಮೇಲೆ ನನಗೆ ಅರ್ಥವಾದದ್ದೇನೆಂದರೆ, ಸಾಲವನ್ನು ಹೋಲಿಸಬೇಕಾದದ್ದು ಬ್ಯಾನರಿನ ಮೇಲಿನ ದರದಿಂದಲ್ಲ, ಮನೆಯಿಂದ ಹೊರಹೋಗುವ ಒಟ್ಟು ಹಣದಿಂದ ಮತ್ತು ಆ ಹಣ ಹೋಗಬೇಕಾದ ದಿನಾಂಕದಿಂದ. ಈ ಬರಹದ ಲೆಕ್ಕಗಳೆಲ್ಲ ಆ ಎರಡನ್ನೇ ಹಿಡಿದು ಸಾಗುತ್ತವೆ.

ಮೊದಲು ಗಂಟೆಗಳ ಲೆಕ್ಕ

ಸಾಲದ ಮಾತಿಗೆ ಮುಂಚೆ, ಸ್ವಂತ ಟ್ರ್ಯಾಕ್ಟರ್ ಬೇಕೇ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಲೆಕ್ಕಕ್ಕೆಂದು ವರ್ಷಕ್ಕೆ 1,48,000 ರೂಪಾಯಿ ಕಂತು ಕಟ್ಟಬೇಕಾಗುತ್ತದೆ ಎಂದು ಇಟ್ಟುಕೊಳ್ಳೋಣ. ಬಾಡಿಗೆಗೆ ಹೋದಾಗ ಡೀಸೆಲ್, ಚಾಲಕನ ಕೂಲಿ, ಎಣ್ಣೆ, ಬ್ಲೇಡು ಎಲ್ಲವನ್ನೂ ಕಳೆದು ಗಂಟೆಗೆ 350 ರೂಪಾಯಿ ಉಳಿಯುತ್ತದೆ ಎಂದು ಹಿಡಿದರೆ, ಕಂತಿನ ಹಣವೊಂದನ್ನೇ ದುಡಿಯಲು ಆ ಯಂತ್ರ ವರ್ಷಕ್ಕೆ ಸುಮಾರು 420 ಗಂಟೆ ಓಡಬೇಕು. ಎಂಟು ಹತ್ತು ಎಕರೆಯ ಸ್ವಂತ ಹೊಲದ ಕೆಲಸದಿಂದ ಅಷ್ಟು ಗಂಟೆ ತುಂಬುವುದಿಲ್ಲ. ಊರಿನಲ್ಲಿ ಆಗಲೇ ಇಪ್ಪತ್ತು ಟ್ರ್ಯಾಕ್ಟರುಗಳಿದ್ದು ಬಾಡಿಗೆಯೂ ಸಿಗದಿದ್ದರೆ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ನೆರೆಯವರಿಂದಲೋ ಬಾಡಿಗೆಗೆ ತಂದು ಹೊಡೆಸುವುದೇ ಮೇಲು. ಹದ ತಪ್ಪುತ್ತದೆ, ನಾಟಿಯ ಹೊತ್ತಿಗೆ ಯಾರೂ ಬರುವುದಿಲ್ಲ ಎಂಬ ಕಷ್ಟ ನಿಜವೇ ಆದರೂ, ಆ ಕಷ್ಟಕ್ಕೆ ವರ್ಷಕ್ಕೆ ಎಷ್ಟು ಬೆಲೆ ಕೊಡಲು ಸಿದ್ಧರಿದ್ದೇವೆ ಎಂಬುದನ್ನು ಮನೆಯವರೆಲ್ಲ ಕುಳಿತು ಮಾತನಾಡಿಯೇ ಮುಂದಿನ ಹೆಜ್ಜೆ ಇಡಬೇಕು.

ಯಂತ್ರದ ಆಯ್ಕೆಯ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಆ ವಿಷಯದಲ್ಲಿ ನಮ್ಮ ಭಾಗದ ರೈತರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಗದ್ದೆಯಲ್ಲಿ ಕೆಸರು ಮಾಡಲು, ಆರು ಅಡಿಯ ರೋಟಾವೇಟರ್ ಎಳೆಯಲು 45ರಿಂದ 50 ಎಚ್‌ಪಿ ಸಾಕಾಗುತ್ತದೆ. ಎರೆ ಮಣ್ಣಿನ ಆಳದ ಗದ್ದೆಯಿದ್ದರೆ ಫೋರ್ ವೀಲ್ ಡ್ರೈವ್‌ಗೆ ಹೆಚ್ಚಿನ ಹಣ ಕೊಟ್ಟದ್ದು ವ್ಯರ್ಥವಾಗುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಖುಷ್ಕಿ ಹೊಲಗಳಲ್ಲಿ ಸಜ್ಜೆ, ತೊಗರಿ, ಕಡಲೆ ಬೆಳೆಯುವವರಿಗೆ ಟೂ ವೀಲ್ ಡ್ರೈವ್ ಸಾಕು. 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಮ ಜಾರಿಯಾದ ಮೇಲೆ ಅವುಗಳ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಸೇರಿಕೊಂಡು ಬೆಲೆಯೂ ಏರಿದೆ, ಊರಿನ ಮೆಕ್ಯಾನಿಕ್ಕಿನ ಕೈಗೆ ಸಿಗದ ರಿಪೇರಿಗಳೂ ಹೆಚ್ಚಿವೆ ಎಂಬುದನ್ನು ಮಾತ್ರ ನೆನಪಿಡಬೇಕು. ಮಹೀಂದ್ರ, ಸ್ವರಾಜ್, ಜಾನ್ ಡೀರ್, ನ್ಯೂ ಹಾಲೆಂಡ್, ಮ್ಯಾಸ್ಸಿ, ಸೋನಾಲಿಕಾ, ಕುಬೋಟಾ ಎಂಬ ಹೆಸರುಗಳ ನಡುವೆ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ಜುಲೈ ತಿಂಗಳ ನಡುವೆ ಗದ್ದೆಯಲ್ಲಿ ಯಂತ್ರ ನಿಂತರೆ ಬಿಡಿಭಾಗ ಅದೇ ದಿನ ಎಷ್ಟು ದೂರದಲ್ಲಿ ಸಿಗುತ್ತದೆ?

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಟ್ರ್ಯಾಕ್ಟರಿನ ಟೈರು, ಟ್ಯೂಬುಗಳ ತೆರಿಗೆಯೂ ಶೇ. 18ರಿಂದ ಶೇ. 5ಕ್ಕೆ ಬಂದಿದೆ. ತೆರಿಗೆಗೆ ಮುಂಚಿನ ಬೆಲೆ 8 ಲಕ್ಷವಿದ್ದರೆ ಈ ಇಳಿಕೆಯೊಂದೇ 56,000 ರೂಪಾಯಿ. ಇದು ಸರ್ಕಾರ ಬಿಟ್ಟುಕೊಟ್ಟ ಹಣವೇ ಹೊರತು ಶೋರೂಮಿನವರು ಕೊಟ್ಟ ರಿಯಾಯಿತಿಯಲ್ಲ. ಕೊಟೇಶನ್ನಿನಲ್ಲಿ ತೆರಿಗೆಯನ್ನು ಬೇರೆ ಸಾಲಿನಲ್ಲಿ ಬರೆಯಿಸಿಕೊಂಡರೆ ಈ ಎರಡೂ ಬೆರೆತುಹೋಗುವುದಿಲ್ಲ.

ಶೇ. 7 ಎಂದರೆ ಯಾವ ಶೇ. 7?

ಶೋರೂಮಿನ ಮೇಜಿನ ಮುಂದೆ ಕುಳಿತಾಗ ಹೇಳುವ ದರ ಎರಡು ಬಗೆಯದ್ದಾಗಿರಬಹುದು. ಒಂದು, ಫ್ಲಾಟ್ ಬಡ್ಡಿ; ಇದರಲ್ಲಿ ನೀವು ಅರ್ಧ ಸಾಲ ತೀರಿಸಿದ ಮೇಲೂ ಮೊದಲ ದಿನದ ಪೂರ್ತಿ ಅಸಲಿನ ಮೇಲೆಯೇ ಬಡ್ಡಿ ಬೀಳುತ್ತಿರುತ್ತದೆ. ಇನ್ನೊಂದು, ಉಳಿದ ಬಾಕಿಯ ಮೇಲಿನ ಬಡ್ಡಿ. ಕಂತು ಕಟ್ಟಿದಂತೆಲ್ಲ ಅಸಲು ಇಳಿಯುತ್ತದೆ, ಬಡ್ಡಿಯೂ ಇಳಿಯುತ್ತದೆ. ಬ್ಯಾಂಕುಗಳು ಹೇಳುವುದು ಸಾಮಾನ್ಯವಾಗಿ ಎರಡನೆಯದನ್ನು. ಫೈನಾನ್ಸ್‌ನವರ ಪ್ರತಿನಿಧಿ ಬಾಯಿಮಾತಿನಲ್ಲಿ ಹೇಳುವುದು ಮೊದಲನೆಯದಾಗಿರುವ ಸಂಭವ ಹೆಚ್ಚು.

6 ಲಕ್ಷ ರೂಪಾಯಿ ಸಾಲ, ಐದು ವರ್ಷ, ಆರು ತಿಂಗಳಿಗೊಂದರಂತೆ ಹತ್ತು ಕಂತು ಎಂದು ಇಟ್ಟುಕೊಳ್ಳೋಣ. ಫ್ಲಾಟ್ ಶೇ. 7ರಲ್ಲಿ ವರ್ಷಕ್ಕೆ 42,000, ಐದು ವರ್ಷಕ್ಕೆ 2,10,000 ರೂಪಾಯಿ ಬಡ್ಡಿ. ಒಟ್ಟು 8,10,000, ಪ್ರತಿ ಕಂತು 81,000. ಅದೇ ಸಾಲವನ್ನು ಬ್ಯಾಂಕು ಉಳಿದ ಬಾಕಿಯ ಮೇಲೆ ಶೇ. 10.5ರ ದರದಲ್ಲಿ ಕೊಟ್ಟರೆ ಪ್ರತಿ ಕಂತು ಸುಮಾರು 78,650, ಒಟ್ಟು 7,86,500. ಕಿವಿಗೆ ಏಳು ಚಿಕ್ಕದು, ಹತ್ತೂವರೆ ದೊಡ್ಡದು. ಜೇಬಿನಿಂದ ಹೋಗುವ ಹಣದಲ್ಲಿ ಏಳರ ಸಾಲವೇ 23,500 ರೂಪಾಯಿ ದುಬಾರಿ. ಆ ಫ್ಲಾಟ್ ಏಳನ್ನು ಬ್ಯಾಂಕಿನ ಅಳತೆಗೆ ತಂದರೆ ಅದು ಸುಮಾರು ಶೇ. 11.7 ಆಗುತ್ತದೆ. ಐದು ವರ್ಷದ ಅರ್ಧವಾರ್ಷಿಕ ಕಂತಿಗೆ ಒಂದು ಅಂದಾಜು ಸೂತ್ರ ಬೇಕೆಂದರೆ, ಫ್ಲಾಟ್ ದರವನ್ನು 1.7ರಿಂದ ಗುಣಿಸಿ ನೋಡಿ. ಬ್ಯಾಂಕಿನ ದರದ ಪಕ್ಕದಲ್ಲಿಡಲು ಅದು ಸಾಕು.

ಇಷ್ಟಕ್ಕೇ ಮುಗಿಯುವುದಿಲ್ಲ. ದಾಖಲೆ ಶುಲ್ಕ, ಪ್ರೊಸೆಸಿಂಗ್ ಶುಲ್ಕ, ಸಾಲಗಾರನ ಜೀವವಿಮೆ ಎಂದು ಮೊದಲ ದಿನವೇ 30,000 ರೂಪಾಯಿ ಹಿಡಿದುಕೊಂಡರೆ, ನಿಮ್ಮ ಟ್ರ್ಯಾಕ್ಟರಿಗೆ ಸಂದದ್ದು 5,70,000. ನೀವು ಕಟ್ಟುವುದು ಅದೇ 81,000ದ ಹತ್ತು ಕಂತು. ಆಗ ನಿಜವಾದ ದರ ಸುಮಾರು ಶೇ. 13.9. ಏಳು ಎಂದು ಒಳಗೆ ಹೋದವನು ಹದಿನಾಲ್ಕರ ಹತ್ತಿರಕ್ಕೆ ಸಹಿ ಹಾಕಿ ಹೊರಬರುತ್ತಾನೆ. ನನ್ನ ವಿಷಯದಲ್ಲಿ ಆದದ್ದು ಇದೇ. ವಿಮೆಯ ಕಂತನ್ನು ಸಾಲದ ಅಸಲಿಗೇ ಸೇರಿಸಿದ್ದರೆಂಬುದು ನನಗೆ ಎರಡನೆಯ ವರ್ಷ ಖಾತೆಯ ಪಟ್ಟಿ ತರಿಸಿಕೊಂಡಾಗಲೇ ಗೊತ್ತಾದದ್ದು.

ಈಗ ಇದನ್ನು ಮೊದಲೇ ತಿಳಿಯಲು ದಾರಿಯಿದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ, 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಅವಧಿ ಸಾಲಗಳಿಗೆ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಸಾಲದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕೆಎಫ್‌ಎಸ್ ಎಂದು ಕರೆಯುವ ಆ ಪತ್ರದಲ್ಲಿ ಎಲ್ಲ ಶುಲ್ಕಗಳನ್ನೂ ಸೇರಿಸಿ ಲೆಕ್ಕ ಹಾಕಿದ ವಾರ್ಷಿಕ ದರ, ಅಂದರೆ ಎಪಿಆರ್, ಇರಲೇಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಮುಂದೆ ನಿಮ್ಮ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ. ಪತ್ರ ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಆ ಷರತ್ತುಗಳು ನಿಮಗಾಗಿ ಹಾಗೆಯೇ ಇರಬೇಕು. ಹಾಗಾಗಿ, "ಇವತ್ತೇ ಸಹಿ ಮಾಡದಿದ್ದರೆ ಸ್ಕೀಮ್ ಹೋಗುತ್ತದೆ" ಎಂದು ಯಾರಾದರೂ ಅವಸರ ಮಾಡಿದರೆ, ಕೆಎಫ್‌ಎಸ್ ಕೈಗೆ ಕೊಡಿ, ಮನೆಯಲ್ಲಿ ಓದಿ ಬರುತ್ತೇನೆ ಎಂದು ಸಮಾಧಾನದಿಂದ ಹೇಳಿ. ಎರಡು ಕಡೆಯ ಕೆಎಫ್‌ಎಸ್‌ಗಳನ್ನು ಅಕ್ಕಪಕ್ಕ ಇಟ್ಟು ಎಪಿಆರ್ ಓದುವುದು ಎರಡು ನಿಮಿಷದ ಕೆಲಸ.

ನಿಜವಾಗಿಯೂ ಕಡಿಮೆ ಬಡ್ಡಿಯಾಗಿದ್ದರೆ

ಎಲ್ಲ ಶೋರೂಂ ಸಾಲಗಳೂ ಮೋಸವೆಂದು ನಾನು ಹೇಳುತ್ತಿಲ್ಲ. ತಯಾರಕರು ತಮ್ಮದೇ ಫೈನಾನ್ಸ್ ಸಂಸ್ಥೆಗಳ ಮೂಲಕವೋ ಬೇರೆ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡೋ, ಬಡ್ಡಿಯ ಒಂದು ಭಾಗವನ್ನು ತಾವೇ ಭರಿಸಿ ಉಳಿದ ಬಾಕಿಯ ಮೇಲೆ ಶೇ. 8ರ ಸುಮಾರಿಗೆ ಸಾಲ ಕೊಡಿಸುವ ಸಂದರ್ಭಗಳೂ ಇರುತ್ತವೆ. ಮಾರಾಟ ಕುಸಿದ ತಿಂಗಳುಗಳಲ್ಲಿ, ಹಳೆಯ ಮಾದರಿ ಗೋದಾಮಿನಲ್ಲಿ ಉಳಿದಾಗ ಹೀಗಾಗುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಸ್ಕೀಮ್ ಬೇಡ, ಪೂರ್ತಿ ಹಣವನ್ನು ಬ್ಯಾಂಕಿನಿಂದ ಒಂದೇ ಸಲ ಕೊಡಿಸುತ್ತೇನೆ ಎಂದರೆ ಬೆಲೆಯಲ್ಲಿ ಎಷ್ಟು ಬಿಡುತ್ತೀರಿ?

ಉದಾಹರಣೆಗೆ, ಟ್ರ್ಯಾಕ್ಟರಿನ ಬೆಲೆ 8,50,000, ನಿಮ್ಮ ಕೈಯಲ್ಲಿರುವ ಮುಂಗಡ 2,50,000. ಸ್ಕೀಮಿನಲ್ಲಿ ಉಳಿದ 6 ಲಕ್ಷಕ್ಕೆ ಶೇ. 8 ಆದರೆ ಕಂತು ಸುಮಾರು 73,970. ಸ್ಕೀಮ್ ಬಿಟ್ಟರೆ 40,000 ರೂಪಾಯಿ ಕಡಿಮೆ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಆಗ ಬ್ಯಾಂಕಿನಿಂದ 5,60,000 ಪಡೆದರೆ ಸಾಕು, ಶೇ. 10.5ರಲ್ಲಿ ಕಂತು ಸುಮಾರು 73,400. ಬಡ್ಡಿ ಹೆಚ್ಚಿದ್ದರೂ ಬ್ಯಾಂಕಿನ ಸಾಲವೇ ಸ್ವಲ್ಪ ಅಗ್ಗ. ಈ ಲೆಕ್ಕದಲ್ಲಿ ತಕ್ಕಡಿ ಸಮವಾಗುವುದು 35,700 ರೂಪಾಯಿಯ ಸುಮಾರಿಗೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಬ್ಯಾಂಕು, ಕಡಿಮೆ ಬಿಟ್ಟರೆ ಸ್ಕೀಮ್. ಉಚಿತ ರೋಟಾವೇಟರ್, ಉಚಿತ ಕಲ್ಟಿವೇಟರ್ ಎಂಬ ಕೊಡುಗೆಗಳನ್ನೂ ಇದೇ ತಕ್ಕಡಿಗೆ ಹಾಕಬೇಕು. ಉಪಕರಣ ಬೇಡವೆಂದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿದಾಗ ಬರುವ ಸಂಖ್ಯೆಯೇ ಅದರ ನಿಜವಾದ ಬೆಲೆ. ನಿಮ್ಮ ಮನೆಯಲ್ಲಿ ಆಗಲೇ ಒಂದು ರೋಟಾವೇಟರ್ ಇದ್ದರೆ ಎರಡನೆಯದರಿಂದ ಉಪಯೋಗವಿಲ್ಲ.

ಮುಂಗಡದ ಹಣ ಎಲ್ಲಿಂದ ಬರುತ್ತದೆ?

ಸಾಲದ ದರವನ್ನು ಅಳೆದೂ ತೂಗಿ ನೋಡುವ ನಾವು, ಮುಂಗಡಕ್ಕೆ ಬೇಕಾದ ಹಣವನ್ನು ಮಾತ್ರ ಒಂದೇ ಸಂಜೆಯಲ್ಲಿ ದಲಾಲಿ ಅಂಗಡಿಯಿಂದ ತಂದುಬಿಡುತ್ತೇವೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 24. ಮುಂಗಡದಲ್ಲಿ 1,50,000 ರೂಪಾಯಿಯನ್ನು ಹಾಗೆ ತಂದರೆ ತಿಂಗಳಿಗೆ 3,000 ಬಡ್ಡಿ. ಮೇಲಿನ ಉದಾಹರಣೆಯಲ್ಲಿ 6 ಲಕ್ಷದ ಮೇಲೆ ಶೇ. 10.5ರ ಬದಲು ಶೇ. 8 ಸಿಕ್ಕಿದ್ದರಿಂದ ಐದು ವರ್ಷದಲ್ಲಿ ಆಗುವ ಒಟ್ಟು ಉಳಿತಾಯ ಸುಮಾರು 46,800 ರೂಪಾಯಿ. ದಲಾಲಿಯ ಬಡ್ಡಿ ಅದನ್ನು ಹದಿನಾರು ತಿಂಗಳಿನಲ್ಲಿ ನುಂಗಿಹಾಕುತ್ತದೆ. ಮೇಲಾಗಿ, ಅವರ ಹಣ ತಂದವರು ಸುಗ್ಗಿಯಲ್ಲಿ ಭತ್ತವನ್ನೋ ಮೆಣಸಿನಕಾಯಿಯನ್ನೋ ಅವರು ಹೇಳಿದ ದಿನ, ಅವರು ಹೇಳಿದ ಬೆಲೆಗೆ ಹಾಕಬೇಕಾಗುತ್ತದೆ. ಆ ನಷ್ಟ ಯಾವ ಕಾಗದದಲ್ಲಿಯೂ ಕಾಣುವುದಿಲ್ಲ.

ಆದ್ದರಿಂದ ಹೆಚ್ಚು ಮುಂಗಡ ಕೇಳುವ ಕಡಿಮೆ ಬಡ್ಡಿಯ ಸ್ಕೀಮ್ ಒಂದು ಕಡೆ, ಕಡಿಮೆ ಮುಂಗಡಕ್ಕೆ ಒಪ್ಪುವ ಸ್ವಲ್ಪ ಹೆಚ್ಚು ಬಡ್ಡಿಯ ಬ್ಯಾಂಕು ಇನ್ನೊಂದು ಕಡೆ ಇದ್ದು, ಕೈಯಲ್ಲಿ ಸ್ವಂತ ಹಣ ಇಲ್ಲದಿದ್ದರೆ, ಎರಡನೆಯದೇ ಸರಿ. ಬೆಳೆಸಾಲದ ಹಣವನ್ನು ಮುಂಗಡಕ್ಕೆ ಬಳಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಆ ವರ್ಷದ ಗೊಬ್ಬರ, ಔಷಧಿಗಳನ್ನು ಅಂಗಡಿಯಲ್ಲಿ ಉದ್ರಿ ತರಬೇಕಾಗುತ್ತದೆ, ಬೆಳೆಸಾಲ ಅವಧಿಯೊಳಗೆ ತೀರದಿದ್ದರೆ ಅದರ ಬಡ್ಡಿ ರಿಯಾಯಿತಿಯೂ ಕೈತಪ್ಪುತ್ತದೆ.

ಕಂತಿನ ದಿನಾಂಕ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಮತ್ತು ಶೋರೂಮಿನಲ್ಲಿ ಯಾರೂ ಮಾತನಾಡದ ವಿಷಯವೂ ಇದೇ. ಅರ್ಧವಾರ್ಷಿಕ ಕಂತುಗಳನ್ನು ಸಾಮಾನ್ಯವಾಗಿ ಸಾಲ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ. ವಿಜಯದಶಮಿಯಂದು ಟ್ರ್ಯಾಕ್ಟರ್ ತಂದರೆ ಕಂತುಗಳು ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಿಗೆ ಬೀಳುತ್ತವೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮುಂಗಾರು ಭತ್ತ ಕೊಯ್ಲಿಗೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಬೇಸಿಗೆ ಭತ್ತ ಬರುವುದು ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ. ಅಂದರೆ ಎರಡು ಕಂತುಗಳೂ ಕೊಯ್ಲಿಗೆ ಕೆಲವೇ ವಾರ ಮುಂಚೆ, ಮನೆಯಲ್ಲಿ ಹಣ ಪೂರ್ತಿ ಖಾಲಿಯಾಗಿರುವ ಹೊತ್ತಿಗೆ ಬಂದು ನಿಲ್ಲುತ್ತವೆ. ಯುಗಾದಿಗೆ ತಂದರೂ ಇದೇ ಕಥೆ: ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್. ವ್ಯಾಪಾರಕ್ಕೆ ಶುಭವಾದ ಎರಡೂ ಹಬ್ಬಗಳು ಭತ್ತ ಬೆಳೆಯುವವನ ಕಂತಿಗೆ ಅನುಕೂಲವಾದ ದಿನಗಳಲ್ಲ.

ನಾನು ಟ್ರ್ಯಾಕ್ಟರ್ ತಂದದ್ದು ಆಯುಧಪೂಜೆಯ ಮರುದಿನ. ಮೊದಲ ಕಂತಿನ ದಿನ ಗದ್ದೆಯಲ್ಲಿ ತೆನೆ ಇನ್ನೂ ಬಾಗಿರಲಿಲ್ಲ. ಫೈನಾನ್ಸ್‌ನವರ ಫೋನು ದಿನಕ್ಕೆ ನಾಲ್ಕು ಸಲ ಬಂತು, ವಸೂಲಿಯವರು ಮನೆಯ ಮುಂದೆ ಬಂದು ಕುಳಿತರು, ಅಪ್ಪ ತಲೆ ತಗ್ಗಿಸಿಕೊಂಡು ದಲಾಲಿ ಅಂಗಡಿಗೆ ಹೋದರು. ಒಂದು ತಿಂಗಳು ತಡೆದಿದ್ದರೆ ನಮ್ಮ ಭತ್ತದ ಹಣದಿಂದಲೇ ತೀರುತ್ತಿದ್ದ ಕಂತಿಗಾಗಿ ಐದು ವರ್ಷ, ವರ್ಷಕ್ಕೆ ಎರಡು ಸಲ ಹೀಗೆ ಸಾಲ ಮಾಡಿದೆವು. ಬಡ್ಡಿಯ ದರ ಒಂದು ಶೇಕಡಾ ಹೆಚ್ಚಿದ್ದು, ಕಂತು ಡಿಸೆಂಬರ್ ಕೊನೆಗೂ ಜೂನ್ ಮೊದಲಿಗೂ ಇದ್ದಿದ್ದರೆ ನಾವು ಎಷ್ಟೋ ನೆಮ್ಮದಿಯಿಂದ ಇರುತ್ತಿದ್ದೆವು.

ಹಾಗಾಗಿ ಕೇಳಬೇಕಾದ್ದನ್ನು ಸಹಿಗೆ ಮುಂಚೆಯೇ ಕೇಳಿ: ಮೊದಲ ಕಂತನ್ನು ಎಂಟು ತಿಂಗಳಿಗೆ ಇಟ್ಟು, ಅಲ್ಲಿಂದ ಆರಾರು ತಿಂಗಳಿಗೆ ಎಣಿಸುತ್ತೀರಾ? ಹಾಗೆ ಮಾಡಿದರೆ ಎರಡು ತಿಂಗಳ ಹೆಚ್ಚುವರಿ ಬಡ್ಡಿ ಬೀಳುತ್ತದೆ. 6 ಲಕ್ಷಕ್ಕೆ ಶೇ. 8ರಂತೆ ಅದು ಸುಮಾರು 8,000 ರೂಪಾಯಿ. ಒಂದೇ ಸಲದ ಆ ಖರ್ಚಿನಿಂದ ಹತ್ತು ಕಂತುಗಳೂ ಸುಗ್ಗಿಯ ಹಿಂದೆ ಬರುವುದಾದರೆ ಅದು ಒಳ್ಳೆಯ ವ್ಯಾಪಾರ. ಒಪ್ಪದಿದ್ದರೆ, ಖರೀದಿಯನ್ನೇ ಜೂನ್ ಮೊದಲ ವಾರಕ್ಕೋ ಡಿಸೆಂಬರ್ ಕೊನೆಗೋ ಸರಿಸಿ. ಜೂನ್‌ನಲ್ಲಿ ತಂದರೆ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಯಂತ್ರವೂ ಕೈಯಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ತರುವವರು ತಯಾರಾದ ತಿಂಗಳು, ವರ್ಷವನ್ನು ತಪ್ಪದೆ ನೋಡಬೇಕು. ಮುಂದೆ ಮಾರುವಾಗ ಒಂದು ವರ್ಷ ಹಳೆಯದೆಂದು ಬೆಲೆ ಮುರಿಯುತ್ತಾರೆ, ಆದ್ದರಿಂದ ಹಳೆಯ ವರ್ಷದ ಯಂತ್ರಕ್ಕೆ ಈಗಲೇ ರಿಯಾಯಿತಿ ಕೇಳುವುದು ನ್ಯಾಯ.

ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬೆಳೆದು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವವರಿಗೆ ಹಣ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಅವರಿಗೆ ಮಾರ್ಚ್ ಕೊನೆಯ ಕಂತು ಒಗ್ಗುತ್ತದೆ. ತೊಗರಿ, ಹತ್ತಿಯವರಿಗೆ ಜನವರಿ, ಫೆಬ್ರವರಿ. ವರ್ಷಕ್ಕೆ ಒಂದೇ ಬೆಳೆಯಿರುವ ಖುಷ್ಕಿಯವರು ವಾರ್ಷಿಕ ಕಂತು ಕೊಡುವ ಬ್ಯಾಂಕನ್ನೇ ಹುಡುಕಬೇಕು. ಇಟ್ಟಿಗೆ, ಕಬ್ಬು, ಗೊಬ್ಬರ ಸಾಗಿಸುವ ಬಾಡಿಗೆ ತಿಂಗಳು ತಿಂಗಳೂ ಇರುವವರಿಗೆ ಮಾತ್ರ ಮಾಸಿಕ ಕಂತು.

ಇನ್ನೊಂದು ವಿಷಯವನ್ನು ಅಚ್ಚುಕಟ್ಟಿನವರು ಮರೆಯುವಂತಿಲ್ಲ. ನಮ್ಮ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 133 ಟಿಎಂಸಿಯಿಂದ 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಗಿ ನೀರು ನದಿಗೆ ಹರಿಯುತ್ತಿದ್ದಾಗ ನಾವೆಲ್ಲ ನಿದ್ದೆಗೆಟ್ಟು ಕುಳಿತಿದ್ದು ನೆನಪಿದೆ. ಎರಡನೆಯ ಬೆಳೆಗೆ ನೀರು ಸಿಗದ ವರ್ಷಗಳನ್ನು ನಾವು ಕಂಡಿದ್ದೇವೆ, ಕೊನೆಭಾಗದ ಮಾನ್ವಿ, ಸಿರವಾರದ ರೈತರು ಇನ್ನೂ ಹೆಚ್ಚು ಕಂಡಿದ್ದಾರೆ. ಹಾಗಾಗಿ ಎರಡು ಬೆಳೆಯ ಆದಾಯ ನಂಬಿ ಕಂತು ನಿಗದಿ ಮಾಡಿಕೊಳ್ಳಬಾರದು. ಮುಂಗಾರು ಬೆಳೆಯೊಂದರಿಂದಲೇ ವರ್ಷದ ಎರಡೂ ಕಂತುಗಳನ್ನು ಕಟ್ಟಬಲ್ಲಷ್ಟು ಮಾತ್ರ ಸಾಲ ಮಾಡಬೇಕು. ಅದಕ್ಕೆ ಐದರ ಬದಲು ಏಳು ವರ್ಷದ ಅವಧಿ ಬೇಕಾದರೆ ಏಳೇ ಇರಲಿ, ಒಟ್ಟು ಬಡ್ಡಿ ಹೆಚ್ಚಾದರೂ ಚಿಂತೆಯಿಲ್ಲ. ಒಳ್ಳೆಯ ಬೆಳೆ ಬಂದ ವರ್ಷ ಹೆಚ್ಚು ಕಟ್ಟಿ ಬೇಗ ಮುಗಿಸಬಹುದೇ, ಅದಕ್ಕೆ ದಂಡವಿದೆಯೇ ಎಂಬುದನ್ನು ಕೆಎಫ್‌ಎಸ್‌ನಲ್ಲಿ ನೋಡಿಕೊಳ್ಳಿ.

ಬ್ಯಾಂಕು, ಸಂಘ ಮತ್ತು ಪಹಣಿ

ಶೋರೂಂ ಸಾಲದ ನಿಜವಾದ ಶಕ್ತಿ ಬಡ್ಡಿಯಲ್ಲಿಲ್ಲ, ವೇಗದಲ್ಲಿದೆ. ಅಲ್ಲಿ ಎರಡು ಮೂರು ದಿನದಲ್ಲಿ ಮಂಜೂರಾಗುತ್ತದೆ, ಟ್ರ್ಯಾಕ್ಟರನ್ನೇ ಅಡವು ಬರೆದುಕೊಳ್ಳುತ್ತಾರೆ, ಜೊತೆಗೆ ಒಬ್ಬ ಜಾಮೀನುದಾರ ಇದ್ದರೆ ಸಾಕು. ಅನೇಕ ಕಡೆ ಜಮೀನಿನ ತಂಟೆಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಹಾಗಲ್ಲ. ಆಧಾರವಿಲ್ಲದೆ ಕೊಡುವ ಕೃಷಿ ಸಾಲದ ಮಿತಿ 2025ರ ಜನವರಿ 1ರಿಂದ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿದ್ದರೂ, ಟ್ರ್ಯಾಕ್ಟರ್ ಸಾಲ ಅದಕ್ಕಿಂತ ದೊಡ್ಡದು. ಹೀಗಾಗಿ ಜಮೀನನ್ನು ಆಧಾರವಾಗಿ ಕೇಳಬಹುದು, ಕೇಳಿದರೆ ಪಹಣಿಯ 11ನೇ ಕಾಲಂನಲ್ಲಿ ಭೋಜಾ, ಅಂದರೆ ಸಾಲದ ನಮೂದು, ಏರುತ್ತದೆ. ಋಣಭಾರ ಪತ್ರ, ವಕೀಲರ ಅಭಿಪ್ರಾಯ, ನೋಂದಣಿ ಎಂದು ವಾರಗಳು ಹಿಡಿಯುತ್ತವೆ. ಅಣ್ಣತಮ್ಮಂದಿರ ಜಂಟಿ ಖಾತೆಯಿದ್ದು ಭಾಗವಾಗದಿದ್ದರೆ ಎಲ್ಲರ ಸಹಿ ಬೇಕು. ಮುಂದಿನ ಎರಡು ವರ್ಷದಲ್ಲಿ ಮಗಳ ಮದುವೆಗೋ ಆಸ್ಪತ್ರೆಗೋ ಜಮೀನು ಮಾರಬೇಕಾಗಬಹುದೆಂಬ ಸ್ಥಿತಿಯಲ್ಲಿರುವವರು ಇದನ್ನು ಯೋಚಿಸಿಯೇ ಮುಂದುವರಿಯಬೇಕು. ಅಂಥವರಿಗೆ ಸ್ವಲ್ಪ ಹೆಚ್ಚು ಬಡ್ಡಿ ಕೊಟ್ಟು ಪಹಣಿಯನ್ನು ಸ್ವಚ್ಛವಾಗಿ ಉಳಿಸಿಕೊಳ್ಳುವುದೇ ಜಾಣತನವಾಗಬಹುದು. ಬೆಳೆಸಾಲ ಆಗಲೇ ಇರುವ ಬ್ಯಾಂಕಿನಲ್ಲಿಯೇ ಟ್ರ್ಯಾಕ್ಟರ್ ಸಾಲ ಕೇಳಿದರೆ ಕಾಗದದ ಓಡಾಟ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಅದು ಹೆಚ್ಚಾಗಿ ಗ್ರಾಮೀಣ ಬ್ಯಾಂಕು. 2025ರ ಮೇ 1ರಿಂದ ರಾಜ್ಯದ ಎರಡೂ ಗ್ರಾಮೀಣ ಬ್ಯಾಂಕುಗಳು ಕೂಡಿ ಬಳ್ಳಾರಿಯನ್ನೇ ಕೇಂದ್ರವಾಗಿಟ್ಟುಕೊಂಡ ಒಂದೇ ಬ್ಯಾಂಕಾಗಿವೆ.

ದರದಲ್ಲಿ ಯಾರೂ ಸರಿಗಟ್ಟಲಾರದ್ದು ಸಹಕಾರ ಕ್ಷೇತ್ರದ ಶೇ. 3ರ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲ. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಇದರ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. 6 ಲಕ್ಷಕ್ಕೆ ಇದೇ ಅವಧಿಯಲ್ಲಿ ಕಂತು ಸುಮಾರು 65,060 ಆಗುತ್ತದೆ, ಶೇ. 8ರ ಸ್ಕೀಮಿಗಿಂತ ಒಟ್ಟು 89,000 ರೂಪಾಯಿ ಕಡಿಮೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘ, ತಾಲ್ಲೂಕಿನ ಪಿಎಲ್‌ಡಿ ಬ್ಯಾಂಕು, ಜಿಲ್ಲೆಯ ಡಿಸಿಸಿ ಬ್ಯಾಂಕು – ಈ ಸಹಕಾರಿ ಸಂಸ್ಥೆಗಳಲ್ಲಿ ಮೂರು ಪ್ರಶ್ನೆ ಕೇಳಿ: ಈ ವರ್ಷ ಟ್ರ್ಯಾಕ್ಟರಿಗೆ ಈ ದರದಲ್ಲಿ ಕೊಡುತ್ತಿದ್ದೀರಾ, ಹಣ ಲಭ್ಯವಿದೆಯೇ, ಕಂತು ತಡವಾದರೆ ದರ ಎಷ್ಟಾಗುತ್ತದೆ? ಮೂರನೆಯದನ್ನು ಬಿಡಬೇಡಿ. ಬಡ್ಡಿ ರಿಯಾಯಿತಿ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ. ಗಡುವು ಮೀರಿದರೆ ಮೂರು ಮೂರಾಗಿ ಉಳಿಯುವುದಿಲ್ಲ. ಸಂಘದಲ್ಲಿ ಸದಸ್ಯತ್ವ, ಷೇರು ಹಣ ಬೇಕು, ಕಾಯುವ ತಾಳ್ಮೆಯೂ ಬೇಕು. ಆದರೂ ಮುಂದಿನ ವರ್ಷ ಟ್ರ್ಯಾಕ್ಟರ್ ತರುವ ವಿಚಾರವಿದ್ದರೆ ಈ ವರ್ಷವೇ ಹೋಗಿ ವಿಚಾರಿಸುವಷ್ಟು ಈ ಸಾಲ ಬೆಲೆಬಾಳುತ್ತದೆ.

ಮಿನಿ ಟ್ರ್ಯಾಕ್ಟರ್ ಅಥವಾ ಉಪಕರಣಗಳಿಗೆ ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯ ಸಹಾಯಧನ ಪಡೆಯುವವರು ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆಯೊಡನೆ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಅರ್ಜಿ ಹಾಕಿ, ಮಂಜೂರಾತಿಯ ನಂತರವೇ ಖರೀದಿಸಬೇಕು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಜಮೀನಿನ ದಾಖಲೆ ಸರಿಯಿದ್ದು, ಎರಡು ಮೂರು ತಿಂಗಳು ಕಾಯಬಲ್ಲವರು ಮೊದಲು ಸಂಘಕ್ಕೆ, ಆಮೇಲೆ ಬೆಳೆಸಾಲವಿರುವ ಬ್ಯಾಂಕಿಗೆ ಹೋಗಬೇಕು. ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತ ಹಣವಿದ್ದು ಎರಡು ಮೂರು ವರ್ಷದಲ್ಲಿ ತೀರಿಸಬಲ್ಲವರಿಗೆ, ಬೆಲೆಯಲ್ಲಿ ದೊಡ್ಡ ರಿಯಾಯಿತಿ ಸಿಗದಿದ್ದಾಗ, ಶೋರೂಮಿನ ಕಡಿಮೆ ಬಡ್ಡಿಯ ಸ್ಕೀಮ್ ಒಳ್ಳೆಯದೇ. ಕೋರಿಗೆ (ಬೆಳೆಯ ಪಾಲಿಗೆ), ಗೇಣಿಗೆ ಜಮೀನು ಮಾಡುವವರಿಗೆ ಪಹಣಿ ಇಲ್ಲದಿರುವುದರಿಂದ ಶೋರೂಂ ಸಾಲ ಬಿಟ್ಟರೆ ಬೇರೆ ದಾರಿ ಕಡಿಮೆ. ಅವರು ಹೊಸದರ ಬದಲು ನಾಲ್ಕೈದು ವರ್ಷ ಹಳೆಯ, ಆರ್‌ಸಿ ಸ್ವಚ್ಛವಾಗಿರುವ ಟ್ರ್ಯಾಕ್ಟರನ್ನು ಸಣ್ಣ ಸಾಲದಲ್ಲಿ ಕೊಳ್ಳುವುದನ್ನು ಗಂಭೀರವಾಗಿ ಯೋಚಿಸಲಿ ಎಂದು ನನ್ನ ಮನವಿ. ಹಳೆಯ ಯಂತ್ರಕ್ಕೆ ಬಡ್ಡಿಯ ದರ ಹೆಚ್ಚಿದ್ದರೂ ಅಸಲೇ ಚಿಕ್ಕದಾಗಿರುತ್ತದೆ.

ಸಹಿಯ ದಿನ ಮತ್ತು ಆಮೇಲೆ

ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಕೊಡಲೇಬೇಕಾದರೆ ಸಂಸ್ಥೆಯ ಹೆಸರು ಬರೆದು, ಚೆಕ್ಕಿನ ಸಂಖ್ಯೆಗಳನ್ನು ಪತ್ರದಲ್ಲಿ ನಮೂದಿಸಿ, ಅದರ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ಜಾಮೀನುದಾರನಾಗಿ ನಿಲ್ಲುವ ಅಳಿಯನಿಗೋ ಮಾವನಿಗೋ, ನಿಮ್ಮ ಕಂತು ತಪ್ಪಿದರೆ ಅವರಿಗೂ ನಾಳೆ ಸಾಲ ಹುಟ್ಟುವುದಿಲ್ಲ ಎಂಬುದನ್ನು ಮೊದಲೇ ಬಿಡಿಸಿ ಹೇಳಿ. ಕಂತು ತಡವಾದಾಗ ದಂಡ ಶುಲ್ಕ ಹಾಕಬಹುದು, ಆದರೆ ಆ ದಂಡದ ಮೇಲೆ ಮತ್ತೆ ಬಡ್ಡಿ ಏರಿಸುವಂತಿಲ್ಲ ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರಿಂದ ಜಾರಿಯಲ್ಲಿದೆ. ಲೆಕ್ಕದಲ್ಲಿ ಅನ್ಯಾಯವೆನಿಸಿದರೆ ಮೊದಲು ಸಾಲ ಕೊಟ್ಟವರಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. 14448 ಸಂಖ್ಯೆಗೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ವಿಮೆಯನ್ನು ಟ್ರ್ಯಾಕ್ಟರಿಗೆ ಮಾತ್ರವಲ್ಲ, ಟ್ರಾಲಿಗೂ ಮಾಡಿಸಬೇಕು. ಟ್ರಾಲಿಗೆ ನೋಂದಣಿಯೂ ಬೇರೆಯೇ. ಕೃಷಿಗೆಂದು ನೋಂದಣಿಯಾದ ಟ್ರ್ಯಾಕ್ಟರಿನಲ್ಲಿ ಮರಳು, ಕಲ್ಲು ಬಾಡಿಗೆಗೆ ಸಾಗಿಸುವಾಗ, ಅಥವಾ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಕೂಲಿ ಹೆಣ್ಣುಮಕ್ಕಳನ್ನು ಟ್ರಾಲಿಯಲ್ಲಿ ಕೂರಿಸಿಕೊಂಡು ಹೋಗುವಾಗ ಅವಘಡವಾದರೆ ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುತ್ತದೆ, ಭಾರ ಮಾಲೀಕನ ಮೇಲೆ ಬೀಳಬಹುದು. ಸಾಲ ತೀರಿಸುವ ಯಾವ ಲೆಕ್ಕಾಚಾರವೂ ಆ ಒಂದು ದಿನವನ್ನು ತಡೆದುಕೊಳ್ಳುವುದಿಲ್ಲ, ಮತ್ತು ಆ ಟ್ರಾಲಿಯಲ್ಲಿ ಕುಳಿತವರ ಜೀವದ ಮುಂದೆ ನಮ್ಮ ಸಾಲ ದೊಡ್ಡದೂ ಅಲ್ಲ.

ಕೊನೆಯ ಕಂತು ಕಟ್ಟಿದ ದಿನವೇ ಸಾಲ ಮುಗಿಯಿತೆಂದು ಮನೆಗೆ ಬಂದುಬಿಡುವವರು ಬಹಳ. ಫೈನಾನ್ಸ್ ಅಥವಾ ಬ್ಯಾಂಕಿನಿಂದ ಸಾಲ ಬಾಕಿಯಿಲ್ಲವೆಂಬ ಬೇಬಾಕಿ ಪತ್ರವನ್ನೂ, ಅಡವು ತೆಗೆಸಲು ಸಹಿ ಮಾಡಿದ 35ನೇ ನಮೂನೆಯನ್ನೂ, ಕೊಟ್ಟಿದ್ದ ಚೆಕ್ಕುಗಳನ್ನೂ ವಾಪಸು ಪಡೆಯಿರಿ. ಆ ಪತ್ರಗಳನ್ನು ಆರ್‌ಟಿಒ ಕಚೇರಿಗೆ ಕೊಟ್ಟು ಆರ್‌ಸಿಯ ಮೇಲಿನ ಅಡವಿನ ನಮೂದನ್ನು ತೆಗೆಸಿ. ಜಮೀನು ಆಧಾರವಾಗಿದ್ದರೆ ಬ್ಯಾಂಕಿನ ಪತ್ರದೊಡನೆ ಭೋಜಾ ಇಳಿಸಲು ಅರ್ಜಿ ಕೊಟ್ಟು, ಒಂದು ತಿಂಗಳ ನಂತರ ಹೊಸ ಪಹಣಿ ತೆಗೆಸಿ 11ನೇ ಕಾಲಂ ಖಾಲಿಯಾಗಿದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿಕೊಳ್ಳಿ.